ಎಲ್ಲಾ ಕಾರಿಗೂ ಮೂವತ್ತೈದೇ?

ಬಂಕಿಗೆ ಯಾವ ಕಾರು ಬಂದರೂ ಗಾಳಿ ಹಾಕುವವರದ್ದು ಒಂದೇ ಮಂತ್ರ: ‘ಮೂವತ್ತೈದು ಹಾಕ್ಲಾ ಸಾರ್?’ ಅಂದರೆ 35 ಪಿಎಸ್ಐ, ಟೈರಿನೊಳಗಿನ ಗಾಳಿಯ ಒತ್ತಡದ ಅಳತೆ. ಆಲ್ಟೋಗೂ ಅಷ್ಟೇ, ಇನ್ನೋವಾಗೂ ಅಷ್ಟೇ. ಸರಿಯಾದ ಅಂಕಿಯ ಸ್ಟಿಕ್ಕರ್ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಕಾಣುತ್ತೆ. ಎಷ್ಟೋ ಗಾಡಿಗಳಲ್ಲಿ ಮುಂದಿನ ಚಕ್ರಕ್ಕೆ ಒಂದು, ಹಿಂದಿನದಕ್ಕೆ ಒಂದು, ಫುಲ್ ಲೋಡಿಗೆ ಇನ್ನೊಂದು. ಓದುವವರು ಯಾರು? ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 44 ಅಥವಾ 51 ಪಿಎಸ್ಐ ಗರಿಷ್ಠ ಮಿತಿ ಮಾತ್ರ. ಅದನ್ನೇ ನೋಡಿ ತುಂಬಿಸುವ ಮಹಾನುಭಾವರೂ ಇದ್ದಾರೆ!

ಅಳೆಯಬೇಕಾದದ್ದು ಟೈರ್ ತಣ್ಣಗಿರುವಾಗ, ಅಂದರೆ ಗಾಡಿ ಮೂರು ಗಂಟೆಯಾದರೂ ನಿಂತ ಮೇಲೆ. ಹೈವೇಯಲ್ಲಿ ಓಡಿ ಬಂದ ಟೈರಿನಲ್ಲಿ ಒತ್ತಡ ತಾನಾಗಿಯೇ 4 ಪಿಎಸ್ಐ ಆಸುಪಾಸು ಏರಿರುತ್ತೆ. ಆಗ ‘ಜಾಸ್ತಿ ಇದೆ’ ಅಂತ ಪುಸ್ಸೆಂದು ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ. ಕಡಿಮೆಯಾದರೆ ಟೈರಿನ ಎರಡೂ ಅಂಚು ಸವೆಯುತ್ತೆ, ಜಾಸ್ತಿಯಾದರೆ ನಡುಭಾಗ.

ಇದರ ಮೇಲೆ ಗಾಳಿಯ ಬದಲು ನೈಟ್ರೋಜನ್ ತುಂಬಿಸುವ ವ್ಯಾಪಾರ ಬೇರೆ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ ಸ್ವಾಮಿ! ಸ್ಟೆಪ್ನಿಗೂ ಗಾಳಿ ಹಾಕಿ ಅಂದರೆ ಮುಖ ಸಿಂಡರಿಸುತ್ತಾರೆ. ವಾಲ್ವಿನ ಮುಚ್ಚಳ ಒಂದಾದರೂ ಬಂಕಿನ ನೆಲದಲ್ಲೇ ಉಳಿಯುತ್ತೆ. ಆಮೇಲೆ ಪಿನ್ನಿಗೆ ಧೂಳು ಕೂತು ಸಣ್ಣಗೆ ಸೋರಿಕೆ ಶುರು.