ಹೆಸರು ಓಡುವಾಗಲೇ ಗುಟ್ಟು ಉಂಟು ಮಾರಾಯ್ರೆ

ಆಟಿಯ ಮಳೆ, ಹಲಸಿನ ಹಪ್ಪಳ, ಮಕ್ಕಳು ಮಲಗಿದ ಮೇಲೆ ಧ್ವನಿ ಇಳಿಸಿ ನೋಡುವ ಬಿಸಿಬಿಸಿ ಥ್ರಿಲ್ಲರ್. ಮಂಗಳೂರಿನಲ್ಲಿ ಒಪ್ಪಿಕೊಳ್ಳುವವರಿಲ್ಲ, ನೋಡದವರೂ ಕಡಿಮೆ. ಸಿಟ್ಟು ಬರುವುದು ಸಿನಿಮಾ ತೋರಿಸುವ ಆ್ಯಪ್‌ಗಳ ಮೇಲೆ. 1998ರ ಹಾಲಿವುಡ್ ಥ್ರಿಲ್ಲರ್ ‘ವೈಲ್ಡ್ ಥಿಂಗ್ಸ್’ನಲ್ಲಿ ಯಾರು ಯಾರಿಗೆ ಟೋಪಿ ಹಾಕಿದರು ಎಂಬುದು ಬಿಚ್ಚಿಕೊಳ್ಳುವುದೇ ಕೊನೆಗೆ ಹೆಸರುಗಳು ಓಡುವಾಗ, ತುಂಡು ತುಂಡು ದೃಶ್ಯಗಳಲ್ಲಿ. ಅಷ್ಟರಲ್ಲಿ ಚಿತ್ರ ಮೂಲೆಗೆ ಕುಗ್ಗಿ ಬೇರೆ ಸಿನಿಮಾ ಶುರು! ಆಟೋಪ್ಲೇ ಮೊದಲೇ ಆಫ್ ಮಾಡಿಡಿ. ಕುಗ್ಗಿದರೆ ಆ ಚಿಕ್ಕ ಚೌಕವನ್ನೇ ಬೇಗ ಒತ್ತಿ.

ಟಿವಿಯ ಕತ್ತರಿ ಇನ್ನೂ ಕಷ್ಟ. ಹಸಿಬಿಸಿ ಅಂತ ಕತ್ತರಿಸುತ್ತಾರೆ, ಸುಳಿವು ಇರುವುದೂ ಅಲ್ಲೇ. 1992ರ ‘ಬೇಸಿಕ್ ಇನ್‌ಸ್ಟಿಂಕ್ಟ್’ನ ಕೊನೆಯ ಶಾಟ್‌ನಲ್ಲಿ (30 ವರ್ಷ ದಾಟಿತು, ಹೇಳಬಹುದು) ಮಂಚದ ಕೆಳಗಿನ ಐಸ್ ಪಿಕ್ (ಮಂಜುಗಡ್ಡೆ ಒಡೆಯುವ ಚೂಪು ಮೊಳೆ, ಚಿತ್ರದಲ್ಲಿ ಕೊಲೆಯ ಆಯುಧ) ಕಾಣದಿದ್ದರೆ ಎರಡು ಗಂಟೆ ಕೂತದ್ದು ಎಂಥಕ್ಕೆ?