ಊಟದ ಮೇಜಿನ ಕಥೆ ಸಾಕು, ಸ್ಲೈಡಿನ ಕಥೆ ಹೇಳೋಣ

ಅಮೆರಿಕದ ವೈದ್ಯವಿಜ್ಞಾನಿ ಜ್ಯಾನೆಟ್ ರೌಲಿ ಹೆಸರು ಬಂದಾಗಲೆಲ್ಲ ಅದೇ ಒಂದು ಕಥೆ ಬರುತ್ತದೆ. ಊಟದ ಮೇಜಿನ ಮೇಲೆ ಕ್ರೋಮೋಸೋಮ್ (ವರ್ಣತಂತು) ಫೋಟೊ ಹರಡಿಕೊಂಡು ಕತ್ತರಿ ಹಿಡಿದು ಕೂತ ತಾಯಿ, ಅಮ್ಮ ಕಾಗದದ ಗೊಂಬೆ ಆಡ್ತಿದ್ದಾಳೆ ಅಂತ ಛೇಡಿಸುವ ಮಕ್ಕಳು. ಕಥೆ ಸುಳ್ಳೇನಲ್ಲ. ಆದರೆ ಅದನ್ನೇ ಹೇಳಿ ಹೇಳಿ, ರಕ್ತಕ್ಯಾನ್ಸರಿನಲ್ಲಿ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಳ್ಳುತ್ತವೆ ಎಂಬ ಬಹುದೊಡ್ಡ ಶೋಧವೊಂದು ಮನೆಗೆಲಸದ ಬಿಡುವಿನಲ್ಲಿ ತಾನಾಗಿ ಒಲಿದು ಬಂತು ಅನ್ನುವ ಹಾಗೆ ಮಾಡಿಬಿಟ್ಟಿದ್ದೇವೆ. ಆ ಫೋಟೊಗಳು ಮೇಜಿನವರೆಗೆ ಯಾಕೆ ಬಂದವು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹೊಳಪು ಮಾಸಿಹೋಗುತ್ತಿತ್ತು, ಅದಕ್ಕೇ. ಕ್ವಿನಾಕ್ರಿನ್ ಎಂಬ ಬಣ್ಣ ಹಚ್ಚಿದ ಕ್ರೋಮೋಸೋಮು ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಅಡ್ಡಪಟ್ಟಿಗಳಾಗಿ ಹೊಳೆಯುತ್ತದೆ. ಒಂದು ಪಟ್ಟಿ ಪ್ರಖರ, ಪಕ್ಕದ್ದು ಮಂಕು. ನೋಡುತ್ತ ನೋಡುತ್ತಲೇ ಆ ಹೊಳಪು ಇಳಿಯುತ್ತದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸಾವಕಾಶವಾಗಿ ಲೆಕ್ಕ ಹಾಕಲು ಆಗುವುದಿಲ್ಲ. ಒಳ್ಳೆಯ ಜೀವಕೋಶ ಕಂಡ ಕೂಡಲೇ ಫೋಟೊ ತೆಗೆದು, ಪ್ರಿಂಟ್ ಹಾಕಿ, 46 ತುಂಡು ಕತ್ತರಿಸಿ, ಜೋಡಿ ಜೋಡಿಯಾಗಿ ಹೊಂದಿಸಬೇಕು. ಮೈಕ್ರೋಸ್ಕೋಪು ಲ್ಯಾಬಿನಲ್ಲೇ ಇರಬೇಕು. ಕತ್ತರಿ ಕೆಲಸಕ್ಕೆ ಯಾವ ಮೇಜಾದರೂ ನಡೆಯುತ್ತದೆ. ಮೇಜಿನ ಮಹಿಮೆ ಇಷ್ಟೇ.

ನನ್ನ ಮಟ್ಟಿಗೆ ಈ ವೃತ್ತಿಜೀವನದಲ್ಲಿ ನೋಡಬೇಕಾದದ್ದು 1962ರಿಂದ 1972ರವರೆಗಿನ ಹತ್ತು ವರ್ಷ. 1948ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ವೈದ್ಯೆಯಾಗಿ ಹೊರಬಂದವರು, ನಾಲ್ಕು ಗಂಡುಮಕ್ಕಳ ತಾಯಿ. ಆಕ್ಸ್‌ಫರ್ಡಿನಲ್ಲಿ ಒಂದು ವರ್ಷ ಕ್ರೋಮೋಸೋಮ್ ಕೆಲಸ ಕಲಿತು ಬಂದು, ಷಿಕಾಗೋದ ರಕ್ತರೋಗ ತಜ್ಞ ಲಿಯಾನ್ ಜೇಕಬ್‌ಸನ್ ಅವರ ಬಳಿ ಕೇಳಿದ್ದು ಒಂದು ಮೈಕ್ರೋಸ್ಕೋಪು, ಒಂದು ಡಾರ್ಕ್‌ರೂಮು, ಜೊತೆಗೆ ಒಂದು ಸಣ್ಣ ಸಂಬಳ. ಸಿಕ್ಕ ಸಂಬಳ ವರ್ಷಕ್ಕೆ 5,000 ಡಾಲರ್. ವಾರಕ್ಕೆ ಮೂರು ದಿನದ ಕೆಲಸ. ಆ ಹತ್ತು ವರ್ಷದಲ್ಲಿ ಪತ್ರಿಕೆಯವರು ಬರೆಯುವಂಥದ್ದು ಏನೂ ಆಗಲಿಲ್ಲ. ಲ್ಯುಕೇಮಿಯಾ (ರಕ್ತಕ್ಯಾನ್ಸರ್) ರೋಗಿಗಳ ಸ್ಲೈಡುಗಳನ್ನು ನೋಡಿದರು, ನೋಡಿದರು, ನೋಡಿದರು. ಇವತ್ತಿನ ಸಂಶೋಧನಾ ಅನುದಾನದ ಸಮಿತಿಯ ಮುಂದೆ ಇಂಥ ಅರ್ಜಿ ಇಟ್ಟರೆ ಎರಡನೇ ವರ್ಷಕ್ಕೇ 'ಫಲಿತಾಂಶ ಎಲ್ಲಿ' ಅನ್ನುತ್ತಾರೆ.

ಅಲ್ಲಿಯವರೆಗೆ ತಿಳಿದಿದ್ದದ್ದು ಎಷ್ಟು? 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ (ಸಿಎಂಎಲ್) ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಪುಟ್ಟದಾದ ಒಂದು ಕ್ರೋಮೋಸೋಮನ್ನು ಕಂಡಿದ್ದರು. ಅದೇ ಫಿಲಡೆಲ್ಫಿಯಾ ಕ್ರೋಮೋಸೋಮ್. ಆಗ ಪಟ್ಟಿಗಳಿರಲಿಲ್ಲ, ಇಡೀ ಕ್ರೋಮೋಸೋಮಿಗೆ ಒಂದೇ ಬಣ್ಣ. ಉದ್ದ ಎಷ್ಟು, ನಡುವಿನ ಸೊಂಟ ಎಲ್ಲಿದೆ ಎಂಬುದರ ಮೇಲೆ ಗುಂಪು ಮಾಡುತ್ತಿದ್ದರು. 21ನೇ ಕ್ರೋಮೋಸೋಮು ಯಾವುದು, 22ನೆಯದು ಯಾವುದು ಎಂದು ಖಚಿತವಾಗಿ ಹೇಳುವುದೇ ಕಷ್ಟ. ಹಾಗಾಗಿ ಪುಟ್ಟ ಕ್ರೋಮೋಸೋಮಿನ ತುಂಡು ಕಳೆದುಹೋಗಿದೆ ಎಂದು ಎಲ್ಲರೂ ನಂಬಿದ್ದರು. ಕಳೆದದ್ದು ಬೇರೆಲ್ಲೋ ಹೋಗಿ ಕೂತಿದೆಯೇ ಎಂದು ನೋಡಲು ಕಣ್ಣಿಗೆ ಗುರುತೇ ಇರಲಿಲ್ಲ.

ಇಲ್ಲಿ ಸ್ಲೈಡ್ ತಯಾರಾಗುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಇದು ಗೊತ್ತಿಲ್ಲದೆ 'ಕ್ರೋಮೋಸೋಮ್ ನಾರ್ಮಲ್' ಎಂಬ ರಿಪೋರ್ಟಿಗೆ ಎಷ್ಟು ಬೆಲೆ ಕೊಡಬೇಕೆಂದು ಗೊತ್ತಾಗುವುದಿಲ್ಲ.

ಮೂಳೆಮಜ್ಜೆಯನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸೋಡಿಯಂ ಹೆಪಾರಿನ್ ಇರುವ ಟ್ಯೂಬಿಗೆ ತೆಗೆದುಕೊಳ್ಳಬೇಕು, 1-2 ಮಿ.ಲೀ. ಇದ್ದರೆ ಸಾಕು. ಇನ್ನೊಂದು ಹೆಪ್ಪುತಡೆಯಾದ ಇಡಿಟಿಎ ಇರುವ ಟ್ಯೂಬು, ಜೀನು ಹುಡುಕುವ ಪಿಸಿಆರ್‌ಗೆ ಸರಿ, ಇಲ್ಲಿ ಬೇಡ. ಕೋಶಗಳು ಬದುಕಿ ವಿಭಜನೆ ಆಗಬೇಕಲ್ಲ. ಸಿರಿಂಜಿನ ಮೊದಲ ಎಳೆತದಲ್ಲಿ ಬರುವ ಮಜ್ಜೆಯೇ ಗಟ್ಟಿ. ಸ್ಮಿಯರಿಗೆ (ಗಾಜಿನ ಮೇಲೆ ಸವರಿ ನೋಡುವುದು), ಫ್ಲೋ ಸೈಟೊಮೆಟ್ರಿಗೆ (ಕೋಶಗಳ ಬಗೆ ಗುರುತಿಸುವ ಪರೀಕ್ಷೆ) ಎಲ್ಲ ಹಂಚಿ, ಕೊನೆಗೆ ಉಳಿದ ರಕ್ತ ಬೆರೆತ ನೀರುನೀರಾದದ್ದನ್ನು ಕ್ರೋಮೋಸೋಮಿಗೆ ಕಳಿಸಿದರೆ ಲ್ಯಾಬಿನವರು ಏನು ಮಾಡಿಯಾರು? ಆಮೇಲೆ ಸೀರಮ್ ಬೆರೆಸಿದ ಕಲ್ಚರ್ ಮೀಡಿಯಂನಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24ರಿಂದ 48 ಗಂಟೆ. ಇಲ್ಲೊಂದು ದೊಡ್ಡ ಗುಂಡಿ ಇದೆ. ಮಾಮೂಲು ರಕ್ತಪರೀಕ್ಷೆಯ ಅಭ್ಯಾಸದಲ್ಲಿ ಕೋಶಗಳನ್ನು ವಿಭಜನೆಗೆ ಕೆರಳಿಸುವ ಪಿಎಚ್‌ಎ ಹಾಕಿದರೆ ಆರೋಗ್ಯವಂತ ಟಿ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣ) ಎದ್ದು ವಿಭಜನೆಗೆ ನಿಲ್ಲುತ್ತವೆ. ಮೈಲಾಯ್ಡ್ ಲ್ಯುಕೇಮಿಯಾದ ಕೋಶ ಹಿಂದೆ ಬೀಳುತ್ತದೆ. ಸ್ಲೈಡು ನೋಡಲು ಚಂದ, ಎಣಿಸಿದ ಇಪ್ಪತ್ತು ಕೋಶಕ್ಕೆ ಇಪ್ಪತ್ತೂ ನಾರ್ಮಲ್, ರೋಗಿಗೆ ಮಾತ್ರ ಕಾಯಿಲೆ ಹಾಗೇ ಇದೆ.

ವಿಭಜನೆಯ ನಡುವೆ ಕೋಶವನ್ನು ತಡೆದು ನಿಲ್ಲಿಸಲು ಕೋಲ್ಸೆಮಿಡ್. ಹೆಚ್ಚು ಹೊತ್ತು ಬಿಟ್ಟರೆ ಕ್ರೋಮೋಸೋಮುಗಳು ಮುದುರಿ ಗಿಡ್ಡ ದಪ್ಪ ತುಂಡುಗಳಾಗುತ್ತವೆ, ಪಟ್ಟಿ ಕಾಣುವುದಿಲ್ಲ. ಕಡಿಮೆಯಾದರೆ ಹಿಡಿತಕ್ಕೆ ಸಿಗುವ ಕೋಶಗಳೇ ಕಡಿಮೆ. ನಂತರ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಸುಮಾರು 15-20 ನಿಮಿಷ. ತೆಳು ದ್ರಾವಣದ ನೀರು ಒಳನುಗ್ಗಿ ಕೋಶ ಉಬ್ಬುತ್ತದೆ, ಕ್ರೋಮೋಸೋಮುಗಳು ಒಂದರಿಂದೊಂದು ದೂರ ಸರಿಯುತ್ತವೆ. ನೋವೆಲ್ ಅವರಿಗೆ ಈ ಮೆಟ್ಟಿಲು ದಕ್ಕಿದ್ದು ಕೋಶಗಳನ್ನು ನಲ್ಲಿ ನೀರಿನಲ್ಲಿ ತೊಳೆದದ್ದರಿಂದ! ಹೊತ್ತು ಮೀರಿದರೆ ಕೋಶ ಒಡೆದು ಒಂದೆರಡು ಕ್ರೋಮೋಸೋಮು ಚೆಲ್ಲಿಹೋಗುತ್ತವೆ. ಅದಕ್ಕೇ ನಿಯಮ: ಅದೇ ಹೆಚ್ಚುವರಿ ಕ್ರೋಮೋಸೋಮು ಅಥವಾ ಅದೇ ರಚನಾ ಬದಲಾವಣೆ ಎರಡು ಕೋಶಗಳಲ್ಲಿ ಕಂಡರೆ ಸಾಕು, ಕ್ರೋಮೋಸೋಮು ಇಲ್ಲ ಎನ್ನಲು ಮಾತ್ರ ಮೂರು ಕೋಶ ಬೇಕು. ಹೆಚ್ಚುವರಿ ಕ್ರೋಮೋಸೋಮು ತಯಾರಿಯ ತಪ್ಪಿನಿಂದ ಹುಟ್ಟುವುದು ಅಪರೂಪ, ಕಳೆದುಹೋಗುವುದು ಸಲೀಸು.

ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದ, ಕೋಶವನ್ನು ಇದ್ದ ಹಾಗೇ ಹಿಡಿದಿಡುವ ಫಿಕ್ಸೇಟಿವ್. ಪ್ರತಿ ಬಾರಿ ಹೊಸದಾಗಿ ಬೆರೆಸಬೇಕು. ಹನಿ ಬಿದ್ದ ಸ್ಲೈಡು ಎಷ್ಟು ಬೇಗ ಒಣಗುತ್ತದೆ ಎಂಬುದೇ ಎಲ್ಲ: ಗಾಳಿ ತೀರಾ ಒಣಗಿದ್ದರೆ ಕ್ರೋಮೋಸೋಮು ಹರಡದೆ ಒಂದರ ಮೇಲೊಂದು ಬೀಳುತ್ತವೆ, ತೇವ ಹೆಚ್ಚಾದರೆ ಚದುರಿ ಪಕ್ಕದ ಕೋಶದವು ಯಾವುವು, ಇದರವು ಯಾವುವು ಎಂದು ತಿಳಿಯುವುದಿಲ್ಲ. ಈಗ ಕ್ವಿನಾಕ್ರಿನ್ ಬದಲು ಪ್ರೋಟೀನು ಕರಗಿಸುವ ಟ್ರಿಪ್ಸಿನ್ ಮುಟ್ಟಿಸಿ ಗೀಮ್ಸಾ ಬಣ್ಣ ಹಾಕುತ್ತಾರೆ, ಮಾಸುವ ರಗಳೆ ಇಲ್ಲ. ಟ್ರಿಪ್ಸಿನ್ ಕೆಲವೇ ಸೆಕೆಂಡು ಹೆಚ್ಚಾದರೂ ಪಟ್ಟಿಗಳು ಉಬ್ಬಿ ಅಂಚು ಕದಡಿಹೋಗುತ್ತದೆ.

ಈಗ ರೌಲಿಗೆ ವಾಪಸು ಬರೋಣ. 1970-71ರಲ್ಲಿ ಮತ್ತೆ ಆಕ್ಸ್‌ಫರ್ಡಿಗೆ ಹೋಗಿ ಪಟ್ಟಿ ಮೂಡಿಸುವ ಬ್ಯಾಂಡಿಂಗ್ ಕಲಿತು ಬಂದರು. 1972ರಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ 8 ಮತ್ತು 21 ತುಂಡು ಅದಲುಬದಲು ಮಾಡಿಕೊಂಡದ್ದು ಕಂಡಿತು. ಅದರ ಬೆನ್ನಲ್ಲೇ ಸಿಎಂಎಲ್. ಪುಟ್ಟ 22ನ್ನು ಎಲ್ಲರೂ ನೋಡುತ್ತಿದ್ದರು. ಇವರು ನೋಡಿದ್ದು 9ರ ತುದಿಯನ್ನು. ಒಂದು 9 ಸರಿಯಾಗಿದೆ, ಜೋಡಿಯ ಇನ್ನೊಂದರ ಉದ್ದ ತೋಳಿನ ಕೊನೆಯಲ್ಲಿ ಮಂಕಾದ ಒಂದು ಪಟ್ಟಿ ಹೆಚ್ಚಿಗೆ ಇದೆ. ಮಂಕು ಪಟ್ಟಿ, ಪ್ರಖರವಾದದ್ದಲ್ಲ; ಸುಮ್ಮನೆ ಕಣ್ಣಾಡಿಸಿದರೆ ದಾಟಿಹೋಗುವಂಥದ್ದು. ಅದರ ಅಳತೆ 22ರಲ್ಲಿ ಕಾಣೆಯಾದದ್ದಕ್ಕೆ ಹೆಚ್ಚುಕಡಿಮೆ ಸಮ. ಒಂಬತ್ತು ರೋಗಿಗಳಲ್ಲಿ ಇದೇ ಚಿತ್ರ. 1973ರ ಜೂನ್‌ನಲ್ಲಿ 'ನೇಚರ್'ನಲ್ಲಿ ಬಂದ ಬರಹದಲ್ಲಿ ಅವರು ಎಷ್ಟು ಅಳೆದು ತೂಗಿ ಮಾತಾಡಿದ್ದಾರೆ ನೋಡಿ: ಕಳೆದುಹೋಗಿಲ್ಲ, ಸ್ಥಳ ಬದಲಾಯಿಸಿರಬಹುದು ಎಂದಷ್ಟೇ ಸೂಚನೆ.

ಎಲ್ಲರೂ ಒಪ್ಪಿಬಿಟ್ಟರು ಎಂದುಕೊಳ್ಳಬೇಡಿ. ಕ್ಯಾನ್ಸರಿನಿಂದ ಕ್ರೋಮೋಸೋಮು ಕೆಡುತ್ತದೆಯೇ ಹೊರತು ಕ್ರೋಮೋಸೋಮಿನಿಂದ ಕ್ಯಾನ್ಸರ್ ಅಲ್ಲ ಎಂಬ ವಾದ ಗಟ್ಟಿಯಾಗಿತ್ತು. ವಾದ ಮೂರ್ಖತನದ್ದೂ ಅಲ್ಲ. ಕೆಟ್ಟ ಕೋಶದಲ್ಲಿ ಏನೆಲ್ಲ ಮುರಿದುಬಿದ್ದಿರುತ್ತದೆ. ಉತ್ತರ ಸಿಕ್ಕಿದ್ದು ಇನ್ನೊಂದು ಕಾಯಿಲೆಯಿಂದ. 1977ರಲ್ಲಿ ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ (ಎಪಿಎಲ್) ರೋಗಿಗಳಲ್ಲಿ 15 ಮತ್ತು 17ರ ಅದಲುಬದಲು. ಒಂದೊಂದು ಕಾಯಿಲೆಗೆ ಒಂದೊಂದು ಜೋಡಿ, ಅದೇ ಜಾಗದಲ್ಲಿ ಮುರಿತ. ಕಸದ ರಾಶಿ ಹೀಗೆ ಒಪ್ಪವಾಗಿ ಬೀಳುವುದಿಲ್ಲ. 1980ರ ದಶಕದಲ್ಲಿ 9ರ ಏಬಲ್ ಜೀನು 22ರ ಬಿಸಿಆರ್ ಜೀನಿಗೆ ಅಂಟಿಕೊಂಡಿರುವುದು ತಿಳಿಯಿತು. 1990ರಲ್ಲಿ ಆ ಬೆಸುಗೆ ಜೀನನ್ನು ಇಲಿಯ ಮಜ್ಜೆಗೆ ಸೇರಿಸಿದಾಗ ಸಿಎಂಎಲ್‌ನಂಥದೇ ಕಾಯಿಲೆ ಬಂತು. ವಾದ ಮುಗಿಯಿತು.

ಬೆಸುಗೆ ಪ್ರೋಟೀನಿನ ಕಿಸೆಗೆ ಹೋಗಿ ಕೂರುವ ಇಮಾಟಿನಿಬ್ ಮಾತ್ರೆಯನ್ನು ರೋಗಿಗಳಿಗೆ ಕೊಡಲು ಶುರುವಾದದ್ದು 1998ರಲ್ಲಿ, ಬ್ರಯನ್ ಡ್ರಕರ್ ಮುಂದಾಳತ್ವದಲ್ಲಿ. 300 ಮಿ.ಗ್ರಾಂ ಮತ್ತು ಮೇಲ್ಪಟ್ಟ ಪ್ರಮಾಣ ಪಡೆದ 54 ಜನರಲ್ಲಿ 53 ಜನರ ರಕ್ತದ ಲೆಕ್ಕ ಸರಿಹೋಯಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪರವಾನಗಿ. ನೋವೆಲ್ ಕಂಡದ್ದರಿಂದ ಎಣಿಸಿದರೆ 41 ವರ್ಷ.

ಎಪಿಎಲ್‌ನ ಹಾದಿ ಹೀಗೆ ನೆಟ್ಟಗಿಲ್ಲ, ನೆಟ್ಟಗಿತ್ತೆಂದು ಹೇಳುವವರನ್ನು ನಂಬಬೇಡಿ. ಷಾಂಘೈನ ವಾಂಗ್ ಝೆನ್‌ಯೀ ಅವರು ವಿಟಮಿನ್ ಎ ಬಳಗದ ಅಟ್ರಾ ಔಷಧವನ್ನು 1980ರ ದಶಕದಲ್ಲೇ ಕೊಟ್ಟು ಗುಣ ಕಂಡಿದ್ದರು. 17ರ ಮೇಲಿನ ಮುರಿತ ವಿಟಮಿನ್ ಎ ಗ್ರಾಹಕದ ಜೀನಿನಲ್ಲೇ ಇದೆ ಎಂಬುದು ತಿಳಿದದ್ದು ಆಮೇಲೆ. ಔಷಧ ಮೊದಲು, ಕಾರಣ ನಂತರ. ಆದರೂ ರೌಲಿ ಕಂಡ ಗುರುತಿಲ್ಲದಿದ್ದರೆ ಈ ಔಷಧ ಯಾರಿಗೆ ಕೆಲಸ ಮಾಡುತ್ತದೆ, ಯಾರಿಗಿಲ್ಲ ಎಂದು ವಿಂಗಡಿಸುವುದು ಕಷ್ಟವಿತ್ತು. ಒಂದು ಎಚ್ಚರ: ಎಪಿಎಲ್‌ನಲ್ಲಿ ಮೊದಲ ದಿನಗಳಲ್ಲೇ ರಕ್ತಸ್ರಾವದಿಂದ ಜೀವ ಹೋಗುತ್ತದೆ. ಸ್ಮಿಯರ್ ನೋಡಿ ಅನುಮಾನ ಬಂದರೆ ಅಟ್ರಾ ಅಂದೇ ಶುರು. ಕ್ರೋಮೋಸೋಮ್ ರಿಪೋರ್ಟಿಗೆ ಕಾಯುವಂತಿಲ್ಲ. ರಿಪೋರ್ಟು ಬೇರೆ ಹೇಳಿದರೆ ಆಮೇಲೆ ನಿಲ್ಲಿಸಬಹುದು.

ಈಗ ನನ್ನ ತಕರಾರು. ಪಿಸಿಆರ್, ಸೀಕ್ವೆನ್ಸಿಂಗ್ ಬಂದ ಮೇಲೆ ಕ್ಯಾರಿಯೋಟೈಪ್ (ಹೀಗೆ ಸ್ಲೈಡಿನಲ್ಲಿ ಎಲ್ಲ ಕ್ರೋಮೋಸೋಮು ನೋಡುವ ಪರೀಕ್ಷೆ) ಅಂದರೆ ಮೂಗು ಮುರಿಯುವವರು ಹೆಚ್ಚಾಗಿದ್ದಾರೆ. ಅವರು ಹೇಳುವುದರಲ್ಲಿ ನಿಜವಿದೆ. ಮಕ್ಕಳ ಲಿಂಫೋಸೈಟ್ ರಕ್ತಕ್ಯಾನ್ಸರಾದ ಎಎಲ್‌ಎಲ್‌ನಲ್ಲಿ ಬರುವ 12-21ರ ಅದಲುಬದಲು ಪಟ್ಟಿಗಳಲ್ಲಿ ಕಾಣುವುದೇ ಇಲ್ಲ, ಹೊಳೆಯುವ ಗುರುತು ಅಂಟಿಸಿ ಜೀನು ಹುಡುಕುವ ಫಿಶ್ ಪರೀಕ್ಷೆ ಬೇಕು. ಸಿಎಂಎಲ್‌ನಲ್ಲೂ ಕೆಲವರಲ್ಲಿ ಫಿಲಡೆಲ್ಫಿಯಾ ಅಡಗಿರುತ್ತದೆ. ಚಿಕಿತ್ಸೆ ಶುರುವಾದ ಮೇಲೆ ಬೆಸುಗೆ ಜೀನಾದ ಬಿಸಿಆರ್-ಏಬಲ್ ಪ್ರಮಾಣ 3 ತಿಂಗಳಿಗೆ ಶೇ. 10ರೊಳಗೆ, 12 ತಿಂಗಳಿಗೆ ಶೇ. 0.1ರೊಳಗೆ ಇಳಿಯಿತೇ ಎಂದು ಅಳೆಯಲು ಪಿಸಿಆರ್ ಬಿಟ್ಟರೆ ಗತಿಯಿಲ್ಲ. 20 ಕೋಶ ಎಣಿಸಿ ಅದನ್ನು ಹೇಳಲಾಗದು. ಆದರೆ ಪಿಸಿಆರ್ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಸಿಎಂಎಲ್ ರೋಗಿಯಲ್ಲಿ ಹೆಚ್ಚುವರಿ 8ನೇ ಕ್ರೋಮೋಸೋಮು, ಎರಡನೆಯ ಫಿಲಡೆಲ್ಫಿಯಾ, 17ರ ಐಸೋಕ್ರೋಮೋಸೋಮ್ (ಎರಡೂ ಕಡೆ ಒಂದೇ ತೋಳು ಇರುವಂಥದ್ದು) ಎದ್ದಿದ್ದರೆ ಕಾಯಿಲೆ ಮುಂದಿನ ಹಂತಕ್ಕೆ ಹೊರಟಿದೆ ಎಂಬ ಸೂಚನೆ. ಬಿಸಿಆರ್-ಏಬಲ್ ಪಿಸಿಆರ್ ಇದನ್ನು ಹೇಳುವುದಿಲ್ಲ. 9ರ ತುದಿಯಲ್ಲಿ ಏನಿದೆ ಎಂದು 1972ರಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ, ಇಡೀ ಕೋಶವನ್ನು ನೋಡಿದ್ದರಿಂದ ಕಂಡಿತು.

ಹಾಗಾಗಿ ಮಜ್ಜೆ ಪರೀಕ್ಷೆ ಬರೆಯುವ ಕಿರಿಯ ವೈದ್ಯರಲ್ಲಿ ಒಂದು ಕೋರಿಕೆ. ಫಾರಂನಲ್ಲಿ 'ಕ್ರೋಮೋಸೋಮ್ ಅನಾಲಿಸಿಸ್' ಎಂದಷ್ಟೇ ಗೀಚಬೇಡಿ. ಯಾವ ಕಾಯಿಲೆಯ ಅನುಮಾನ, ಬ್ಲಾಸ್ಟ್ (ಬಲಿಯದ ಎಳೆಯ ಕೋಶ) ಎಷ್ಟು, ಔಷಧ ಶುರುವಾಗಿದೆಯೇ, ಮಜ್ಜೆ ಎಷ್ಟನೇ ಎಳೆತದ್ದು ಎಂದು ಬರೆಯಿರಿ. ಕಲ್ಚರ್ ಎಷ್ಟು ಗಂಟೆ, ಪಿಎಚ್‌ಎ ಬೇಕೇ ಬೇಡವೇ ಎಂದು ಲ್ಯಾಬಿನವರು ನಿರ್ಧರಿಸುವುದು ಆ ಎರಡು ಸಾಲಿನ ಮೇಲೆ. ಟ್ಯೂಬನ್ನು ಫ್ರೀಜರಿನಲ್ಲಿಡದೆ, ಕೋಣೆಯ ಉಷ್ಣತೆಯಲ್ಲೇ, ತೆಗೆದ ದಿನವೇ ಕಳಿಸಿ.