ಬರುವ ಹಕ್ಕಿಗಳ ಲೆಕ್ಕ, ಹೊರಡುವ ಹಕ್ಕಿಗಳ ಲೆಕ್ಕ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದ ಪಶ್ಚಿಮಕ್ಕೆ, ಕಾಂಕರ್ಡ್ ನದಿಯ ಬಯಲಿಗೆ ಹತ್ತಿರವಿರುವ ನಮ್ಮ ಊರಿನ ನಿಸರ್ಗಾಸಕ್ತರ ಸಂಘವು ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುಭಾಗದವರೆಗೆ, ಸದಸ್ಯರು ಕಂಡ ಹಕ್ಕಿಗಳ ಪಟ್ಟಿಯೊಂದನ್ನು ವಾರಕ್ಕೊಮ್ಮೆ ಎಲ್ಲರಿಗೂ ಹಂಚುತ್ತದೆ. ಕೊಳಗಳ ಮೇಲಿನ ಮಂಜುಗಡ್ಡೆ ಅಂಚಿನಲ್ಲಷ್ಟೇ ಕರಗಿರುವ ಆ ದಿನಗಳ ಪಟ್ಟಿಯಲ್ಲಿ ಅಪರೂಪದ್ದೇನೂ ಇರುವುದಿಲ್ಲ. ಒಣಗಿದ ಜೊಂಡಿನ ತುದಿಯಲ್ಲಿ ಕುಳಿತು, ಭುಜದ ಕೆಂಪು ಗರಿಗಳನ್ನು ಉಬ್ಬಿಸಿ ಕೂಗುವ ರೆಡ್‌ವಿಂಗ್ಡ್ ಬ್ಲ್ಯಾಕ್‌ಬರ್ಡ್ ಗಂಡುಗಳು ಮೊದಲು ಬರುತ್ತವೆ. ಹೆಣ್ಣುಗಳು ಬರುವುದು ಕೆಲವು ವಾರಗಳ ನಂತರ. ಮಾರ್ಚ್ ತಿಂಗಳಲ್ಲಿ ವುಡ್‌ಕಾಕ್, ತಿಂಗಳು ಮುಗಿಯುವ ಹೊತ್ತಿಗೆ ಸೇತುವೆಗಳ ಅಡಿಯಲ್ಲಿ ಗೂಡು ಕಟ್ಟುವ ಫೀಬಿ, ನೀರಿನ ಮೇಲೆ ಹಾರಾಡುವ ಟ್ರೀ ಸ್ವಾಲೋ, ಕರಾವಳಿಯ ಜೌಗಿನಲ್ಲಿ ನೆಟ್ಟ ಕಂಬಗಳ ಮೇಲಿನ ಹಳೆಯ ಗೂಡಿಗೆ ಮರಳುವ, ಮೀನು ಬೇಟೆಯಾಡುವ ಆಸ್ಪ್ರೆ. ಇವೆಲ್ಲ ವರ್ಷವರ್ಷವೂ ಬರುವ ಹಕ್ಕಿಗಳೇ. ಹಾಗಿದ್ದರೂ ಪ್ರತಿಯೊಂದರ ಮುಂದೆ ದಿನ, ಹೊತ್ತು, ಜಾಗ, ಎಣಿಕೆ, ಗಾಳಿ ಬೀಸುತ್ತಿದ್ದ ದಿಕ್ಕು ಇಷ್ಟನ್ನೂ ಬರೆದಿರುತ್ತಾರೆ. ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ನಾನು ಈ ಪದ್ಧತಿಯನ್ನು ನಮ್ಮ ನಾಡಿನ ರೀತಿಯ ಪಕ್ಕದಲ್ಲಿಟ್ಟು ನೋಡಿದಾಗ ಅನಿಸಿದ್ದನ್ನು ಹೇಳಬೇಕೆನಿಸಿದೆ.

ಈ ಪಟ್ಟಿಯನ್ನು ಸಿದ್ಧಪಡಿಸುವವರು ತೋರುವ ಎಚ್ಚರವನ್ನು ನಾನು ಬಹಳ ಮೆಚ್ಚುತ್ತೇನೆ. ಅಮೆರಿಕದ ರಾಬಿನ್ ಹಕ್ಕಿಯನ್ನು ವಸಂತದ ದೂತನೆಂದು ಜನಸಾಮಾನ್ಯರು ಹೇಳುವುದುಂಟು. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ರಾಬಿನ್‌ಗಳು ಹಣ್ಣು ಸಿಗುವ ಕಡೆ ಗುಂಪುಗೂಡಿ ಇಡೀ ಚಳಿಗಾಲವನ್ನು ಕಳೆಯುವುದರಿಂದ, ಹಿತ್ತಲಲ್ಲಿ ಅದನ್ನು ಕಂಡೆನೆಂಬ ಮಾತಿಗೆ ಆಗಮನದ ಪಟ್ಟಿಯಲ್ಲಿ ಜಾಗವಿಲ್ಲ. ತೆಂಕಣ ಗಾಳಿ ಬೀಸಿದ ರಾತ್ರಿಯ ಮರುದಿನ ಬೆಳಿಗ್ಗೆ ಹೆಚ್ಚು ಜನ ಹೊರಗೆ ಹೊರಡುತ್ತಾರೆ, ಏಕೆಂದರೆ ಹಕ್ಕಿಗಳು ಆ ಗಾಳಿಯ ಬೆನ್ನೇರಿ ಬರುತ್ತವೆಂಬುದು ಅವರಿಗೆ ಗೊತ್ತು. ವುಡ್‌ಕಾಕ್ ನೋಡುವ ಸಂಜೆಯಂತೂ ಸಂಘದ ಪಾಲಿಗೆ ಹಬ್ಬವೇ ಸರಿ. ಹೊತ್ತು ಮುಳುಗಿದ ಮೇಲೆ ಪೊದೆಗಳ ನಡುವಿನ ತೆರಪಿನಲ್ಲಿ ಮೂಗಿನಿಂದ ಹೊರಟಂಥ ಒಂದು ಒರಟು ದನಿ ಮತ್ತೆ ಮತ್ತೆ ಕೇಳುತ್ತದೆ; ಬಳಿಕ ಆ ಗಿಡ್ಡ ಕಾಲಿನ, ಉದ್ದ ಕೊಕ್ಕಿನ ಹಕ್ಕಿ ಸುರುಳಿ ಸುರುಳಿಯಾಗಿ ಮೇಲೇರಿ, ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಹೋಗಿ, ಉಲಿಯುತ್ತ ಕೆಳಗಿಳಿದು, ಹೊರಟ ಜಾಗದ ಹತ್ತಿರವೇ ಕೂರುತ್ತದೆ. ಮೇಲೇರುವಾಗ ಕೇಳುವ ಕಿಣಿಕಿಣಿ ಸದ್ದು ಹುಟ್ಟುವುದು ಗಂಟಲಿನಿಂದಲ್ಲ, ರೆಕ್ಕೆಯ ಹೊರ ಅಂಚಿನ ಸಪೂರ ಗರಿಗಳಿಂದ. ಹಿರಿಯರು, ಮಕ್ಕಳು, ಊರಿಗೆ ಹೊಸಬರು ಎಲ್ಲರೂ ಮಾತಿಲ್ಲದೆ ಅಲ್ಲಿ ನಿಂತಿರುತ್ತಾರೆ. ಹಂಚಿಕೊಳ್ಳದಿರುವ ಶಿಸ್ತೂ ಅವರಲ್ಲಿದೆ: ಗೂಬೆಗಳು ಕೂರುವ ಮತ್ತು ಗೂಡು ಮಾಡುವ ಮರಗಳ ವಿವರವನ್ನು ಪಟ್ಟಿಯಲ್ಲಿ ಕೊಡುವುದಿಲ್ಲ, ಜನ ಮುತ್ತಿದರೆ ಹಕ್ಕಿ ಗೂಡನ್ನೇ ಬಿಟ್ಟು ಹೋಗಬಹುದೆಂದು.

ಇಂಥ ಸಾಮಾನ್ಯ ಟಿಪ್ಪಣಿಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಕಾಂಕರ್ಡ್ ಊರೇ ಉತ್ತರ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಅಲ್ಲಿ ಯಾವ ಹೂವು ಎಂದು ಅರಳಿತು, ಯಾವ ಹಕ್ಕಿ ಎಂದು ಬಂದಿತು ಎಂಬುದನ್ನು ವರ್ಷದಿಂದ ವರ್ಷಕ್ಕೆ ಬರೆದಿಟ್ಟ. ಆಮೇಲೆ ಪಕ್ಷಿಶಾಸ್ತ್ರಜ್ಞ ವಿಲಿಯಂ ಬ್ರೂಸ್ಟರ್, ಇಪ್ಪತ್ತನೆಯ ಶತಮಾನದಲ್ಲಿ ಲಡ್ಲೋ ಗ್ರಿಸ್ಕಮ್ ಅದೇ ಪರಿಸರದ ಹಕ್ಕಿಗಳನ್ನು ದಾಖಲಿಸಿದರು. ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮಕ್ ಮತ್ತು ಅವರ ಸಂಗಡಿಗರು ಈ ಹಳೆಯ ಬರಹಗಳನ್ನು ಇಂದಿನ ವೀಕ್ಷಣೆಗಳೊಂದಿಗೆ ಹೋಲಿಸಿದಾಗ, ಹವೆ ಬಿಸಿಯೇರಿದಂತೆ ಗಿಡಗಳು ಥೋರೋನ ಕಾಲಕ್ಕಿಂತ ಸ್ಪಷ್ಟವಾಗಿ ಬೇಗ ಹೂಬಿಡುತ್ತಿವೆಯೆಂದೂ, ಆದರೆ ಬಹುಪಾಲು ಹಕ್ಕಿಗಳು ಅಷ್ಟಾಗಿ ಬೇಗ ಬರುತ್ತಿಲ್ಲವೆಂದೂ ಕಂಡುಬಂತು. ಹೂವು, ಹುಳು, ಹಕ್ಕಿ ಒಂದರ ಹೊತ್ತಿಗೆ ಇನ್ನೊಂದು ಒದಗುವ ಹೊಂದಾಣಿಕೆ ತಪ್ಪುತ್ತಿರಬಹುದೆಂಬ ಗಂಭೀರ ಪ್ರಶ್ನೆ ಎದ್ದದ್ದು ಇಂಥ ಸಾದಾ ತಾರೀಖುಗಳಿಂದ. ಅವನ್ನು ಬರೆದ ದಿನ ಥೋರೋನಿಗೆ ಹವಾಮಾನ ಬದಲಾವಣೆಯ ಕಲ್ಪನೆಯೂ ಇರಲಿಲ್ಲ.

ನಮ್ಮ ನಾಡಿನ ವಸಂತ ಬೇರೆಯೇ ಬಗೆಯದು. ಇಲ್ಲಿ ವಸಂತವೆಂದರೆ ಆಗಮನ. ಕರ್ನಾಟಕದಲ್ಲಿ ಅದು ಬಹುಮಟ್ಟಿಗೆ ನಿರ್ಗಮನ. ಯುಗಾದಿಯ ಹೊತ್ತಿಗೆ ಮಾವಿನ ತೋಪಿನಲ್ಲಿ ಕೋಗಿಲೆಯ ದನಿ ಏರುತ್ತಿರುವಾಗಲೇ ಚಳಿಗಾಲವನ್ನು ನಮ್ಮಲ್ಲಿ ಕಳೆದ ಅತಿಥಿಗಳು ಒಂದೊಂದಾಗಿ ಹೊರಟಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಮೈಸೂರು ಸೀಮೆಯ ಹದಿನಾರು ಕೆರೆಯಲ್ಲೂ ಇಳಿದು, ಸುತ್ತಲಿನ ಹೊಲಗಳಲ್ಲಿ ಮೇಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಟಿಬೆಟ್ಟಿನ ಪ್ರಸ್ಥಭೂಮಿಗೆ, ಮಂಗೋಲಿಯಕ್ಕೆ ಮರಳುತ್ತವೆ. ತೊರೆಯ ಬಂಡೆಗಳ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆ, ಮರದ ಎಲೆಗಳ ನಡುವೆ ಎಡೆಬಿಡದೆ ಉಲಿಯುತ್ತಿದ್ದ ಉಲಿಯಕ್ಕಿ, ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕೂರುತ್ತಿದ್ದ ಅಂಬರಗುಬ್ಬಿ, ತೋಟದ ತರಗೆಲೆಗಳಲ್ಲಿ ಹುಳು ಹೆಕ್ಕುತ್ತಿದ್ದ ನವರಂಗ ಇವೆಲ್ಲವೂ ಬೇಸಿಗೆ ಬಲಿಯುವಷ್ಟರಲ್ಲಿ ಉತ್ತರದ ದಾರಿ ಹಿಡಿಯುತ್ತವೆ. ಆಸ್ಪ್ರೆ ಎರಡು ಕಡೆಯೂ ಇರುವ ಹಕ್ಕಿ. ನಮ್ಮ ಜಲಾಶಯಗಳಲ್ಲಿ ಮೀನು ಹಿಡಿಯುತ್ತ ಚಳಿಗಾಲ ಕಳೆದ ಆಸ್ಪ್ರೆಗಳು ಹೊರಡುವ ಸುಮಾರಿಗೇ, ದಕ್ಷಿಣ ಅಮೆರಿಕದಿಂದ ಹೊರಟ ಬೇರೆ ಆಸ್ಪ್ರೆಗಳು ಮ್ಯಾಸಚೂಸೆಟ್ಸ್‌ನ ಕಂಬಗಳ ಮೇಲೆ ಇಳಿಯುತ್ತವೆ. ಇಲ್ಲಿ ಅದನ್ನು ಕಂಡವರ ಸಂತೋಷಕ್ಕೆ ಕಾರಣವಿದೆ: ಡಿಡಿಟಿಯ ಹಾವಳಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಅದರ ಸಂತತಿ ಬಹಳ ಕುಸಿದಿತ್ತು, 1972ರಲ್ಲಿ ಅಮೆರಿಕದಲ್ಲಿ ಆ ಕೀಟನಾಶಕವನ್ನು ನಿಷೇಧಿಸಿದ ಮೇಲೆ ನಿಧಾನವಾಗಿ ಚೇತರಿಸಿಕೊಂಡಿತು.

ಬರುವ ಹಕ್ಕಿಯನ್ನು ಗುರುತಿಸುವುದು ಸುಲಭ, ಏಕೆಂದರೆ ನಿನ್ನೆ ಇರದಿದ್ದದ್ದು ಇಂದು ಕಣ್ಣಿಗೆ ಬೀಳುತ್ತದೆ, ಕಂಡವನಿಗೆ ಅದನ್ನು ನಾಲ್ಕು ಜನಕ್ಕೆ ಹೇಳುವ ಉತ್ಸಾಹವೂ ಹುಟ್ಟುತ್ತದೆ. ಹೊರಡುವ ಹಕ್ಕಿಯ ಲೆಕ್ಕ ಹಾಗಲ್ಲ. ಇವತ್ತು ಕಂಡ ಸಿಪಿಲೆಯೇ ಈ ವರ್ಷದ ಕೊನೆಯದು ಎಂದು ಕಂಡ ದಿನ ಯಾರಿಗೂ ತಿಳಿಯದು. ಮುಂದಿನ ವಾರ, ಅದರ ಮುಂದಿನ ವಾರ ಅದೇ ಜಾಗಕ್ಕೆ ಹೋಗಿ, ಕಾಣಲಿಲ್ಲವೆಂದು ಬರೆದಾಗ ಮಾತ್ರ ಆ ತಾರೀಖಿಗೆ ಅರ್ಥ ಬರುತ್ತದೆ. ಆದ್ದರಿಂದ ನಮ್ಮ ವಸಂತವನ್ನು ದಾಖಲಿಸುವುದಕ್ಕೆ ಇಲ್ಲಿನವರಿಗಿಂತ ಹೆಚ್ಚಿನ ನಿಯಮಬದ್ಧತೆ ಬೇಕು, ಕಾಣದಿದ್ದದ್ದನ್ನೂ ಬರೆಯುವ ತಾಳ್ಮೆ ಬೇಕು. ನಾವು ಹಿಂದುಳಿದಿರುವುದು ಈ ಒಂದು ವಿಷಯದಲ್ಲಿ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಸಂಘಗಳಿಲ್ಲವೆಂದಲ್ಲ. 1970ರ ದಶಕದ ಆರಂಭದಲ್ಲಿ ಹುಟ್ಟಿದ ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ಬಿನವರು ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪರಿಪಾಠವನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ಚಳಿಗಾಲದ ವಲಸೆ ಹಕ್ಕಿಗಳು ಬರುವ ಮತ್ತು ಹೊರಡುವ ದಿನಗಳನ್ನು ಜನರಿಂದಲೇ ಸಂಗ್ರಹಿಸುವ ಮೈಗ್ರಂಟ್‌ವಾಚ್ ಯೋಜನೆ 2007ರಲ್ಲಿ ಆರಂಭವಾಯಿತು. ಫೆಬ್ರವರಿಯ ನಾಲ್ಕು ದಿನಗಳ ಹಕ್ಕಿ ಎಣಿಕೆಯಲ್ಲಿ ನಮ್ಮ ಕಾಲೇಜುಗಳು ಹುಮ್ಮಸ್ಸಿನಿಂದ ಭಾಗವಹಿಸುತ್ತವೆ. ಆದರೆ ನಾಲ್ಕು ದಿನಗಳ ಹುಮ್ಮಸ್ಸಿನಿಂದ ಹಕ್ಕಿ ಹೊರಟ ದಿನ ತಿಳಿಯುವುದಿಲ್ಲ. ಊರಿಗೆ ಬಂದಾಗ ನಾನು ಜೊತೆಗೂಡುವ ಗೆಳೆಯರ ತಿರುಗಾಟಗಳಲ್ಲಿ ದೊಡ್ಡ ಲೆನ್ಸುಗಳು ಹೆಚ್ಚಿವೆ, ಕಿರುಪುಸ್ತಕಗಳು ಕಡಿಮೆಯಾಗಿವೆ. ಒಳ್ಳೆಯ ಚಿತ್ರ ಸಿಕ್ಕ ಹಕ್ಕಿಯ ಮಾತಷ್ಟೇ ಉಳಿದು, ಚಿತ್ರಕ್ಕೆ ಒದಗದ ಉಲಿಯಕ್ಕಿ ಯಾರ ಲೆಕ್ಕಕ್ಕೂ ಸಿಗದೆ ಹೋಗುವುದನ್ನು ನೋಡಿ ನನಗೆ ನಿಜವಾಗಿ ನೋವಾಗಿದೆ. ಇನ್ನು, ಈ ದಾಖಲೆಗಳ ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಕೆರೆಯ ದಂಡೆಯಲ್ಲೇ ಬದುಕುವವರು ಅದರಿಂದ ಹೊರಗೆ ಉಳಿದಿದ್ದಾರೆ.

ಹಾಗೆ ಹೊರಗೆ ಉಳಿದವರ ತಿಳಿವಳಿಕೆ ಎಂಥದೆಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಆಲ, ಅತ್ತಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಜನ ತಮ್ಮ ಪಾಡಿಗೆ ಓಡಾಡುತ್ತಾರೆ, ಹಿಕ್ಕೆ ಬೆರೆತ ಮಣ್ಣನ್ನು ಗೊಬ್ಬರವಾಗಿ ಹೊಲಕ್ಕೆ ಒಯ್ಯುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಇದನ್ನು ಹೊರಜಗತ್ತಿನ ಗಮನಕ್ಕೆ ತರುವುದಕ್ಕೆ ಬಹಳ ಮೊದಲಿನಿಂದಲೂ ಆ ಊರಿನವರು ಹಕ್ಕಿಗಳನ್ನು ಮನೆಗೆ ಬಂದ ಹೆಣ್ಣುಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದರು. ಮ್ಯಾಸಚೂಸೆಟ್ಸ್ ಸೇರಿರುವ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ನಾನು ಇಂಥದ್ದನ್ನು ಕಂಡಿಲ್ಲ. ಬೀವರ್ ಎಂಬ ಪ್ರಾಣಿಗಳು ಕಟ್ಟಿದ ಒಡ್ಡಿನಿಂದ ನೀರು ನಿಂತು ಸತ್ತ ಮರಗಳ ಮೇಲೆ ಗ್ರೇಟ್ ಬ್ಲೂ ಹೆರಾನ್‌ಗಳು ಗೂಡು ಮಾಡಿದಾಗ ಸಂಘದವರು ದೂರದ ದಡದಲ್ಲಿ ದೂರದರ್ಶಕ ನಿಲ್ಲಿಸಿ, ಗೌರವದಿಂದ ನೋಡಿ ಬರುತ್ತಾರೆ. ಬದುಕಿನಲ್ಲಿ ಹಕ್ಕಿಗೂ ಅವರಿಗೂ ಕೊಡುಕೊಳ್ಳುವಿಕೆ ಇಲ್ಲ. ಇಲ್ಲಿನ ಸಂರಕ್ಷಣೆಯ ಚರಿತ್ರೆಯೇ ನಾಶದ ಬೆನ್ನಿಗೆ ಹುಟ್ಟಿದ್ದು: ಹೆಂಗಸರ ಟೋಪಿಗಳ ಅಲಂಕಾರಕ್ಕಾಗಿ ಬೆಳ್ಳಕ್ಕಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದುದನ್ನು ಕಂಡು ನೊಂದ ಹ್ಯಾರಿಯಟ್ ಹೆಮನ್‌ವೇ ಮತ್ತು ಮಿನ್ನಾ ಹಾಲ್ ಎಂಬ ಇಬ್ಬರು ಬಾಸ್ಟನ್ ಮಹಿಳೆಯರು 1896ರಲ್ಲಿ ಮ್ಯಾಸಚೂಸೆಟ್ಸ್ ಆಡುಬನ್ ಸೊಸೈಟಿಯನ್ನು ಕಟ್ಟಿದರು.

ಹಾಗಿರುವಾಗ ಇಲ್ಲಿಂದ ನಾವು ತೆಗೆದುಕೊಳ್ಳಬೇಕಾದದ್ದು ಹಕ್ಕಿಯ ಮೇಲಿನ ಅಕ್ಕರೆಯನ್ನಲ್ಲ, ಅದು ನಮ್ಮಲ್ಲಿ ಸಾಕಷ್ಟಿದೆ. ಬೇಕಾಗಿರುವುದು ಬರೆದಿಡುವ ರೂಢಿ. ಮಾಗಡಿ ಕೆರೆಯ ಪಕ್ಕದ ರೈತನಿಗೆ ಹೆಬ್ಬಾತುಗಳು ಹೋದದ್ದು ಯಾವ ಪಟ್ಟಿಯ ಹಂಗಿಲ್ಲದೆಯೂ ತಿಳಿಯುತ್ತದೆ, ಏಕೆಂದರೆ ಅವನ ಹೊಲಕ್ಕೆ ಬಂದು ಮೇಯುವವರು ಇಲ್ಲವಾಗುತ್ತಾರೆ. ಆದರೆ ಆ ದಿನ ಯಾವುದೆಂದು ಹತ್ತು ವರ್ಷಗಳ ನಂತರ ಹೇಳಬಲ್ಲ ಕಾಗದ ಆ ಊರಿನಲ್ಲೇ, ಕನ್ನಡದಲ್ಲೇ ಇರಬೇಕು. ಊರ ಶಾಲೆಯಲ್ಲಿ, ಗ್ರಂಥಾಲಯದಲ್ಲಿ ಅಥವಾ ಪಂಚಾಯತಿ ಕಚೇರಿಯಲ್ಲಿ ಒಂದು ದಪ್ಪ ನೋಟುಪುಸ್ತಕವಿದ್ದರೆ ಸಾಕು. ಅದರಲ್ಲಿ ರೈತರೂ ಮೀನು ಹಿಡಿಯುವವರೂ ಕುರಿ ಕಾಯುವವರೂ ಹೇಳಿದ್ದನ್ನು ಮಕ್ಕಳು ಅವರ ಮಾತಿನಲ್ಲೇ ಬರೆದುಕೊಳ್ಳಬಹುದು.

ಈ ಕೆಲಸಕ್ಕೆ ಯುಗಾದಿಗೂ ಮೊದಲೇ ಕೈಹಾಕುವುದು ಒಳ್ಳೆಯದು. ಮಾರ್ಚ್ ಮೊದಲ ವಾರದಿಂದ ಮೇ ನಡುಭಾಗದವರೆಗೆ, ವಾರಕ್ಕೊಂದು ಬೆಳಿಗ್ಗೆ, ಅದೇ ಕೆರೆಯ ಅದೇ ಏರಿಯ ಮೇಲೆ ಅರ್ಧ ಗಂಟೆ ನಡೆದು, ಸಿಪಿಲೆ, ಅಂಬರಗುಬ್ಬಿ, ಉಲಿಯಕ್ಕಿ ಈ ಮೂರರ ಎದುರಿಗೆ ಎಣಿಕೆಯನ್ನೋ ಸೊನ್ನೆಯನ್ನೋ ಬರೆಯುತ್ತ ಹೋಗಬೇಕು. ಸಾಲಾಗಿ ಎರಡು ಮೂರು ಸೊನ್ನೆಗಳು ಬಂದ ಮೇಲೆ ಹಿಂದಿರುಗಿ ನೋಡಿದರೆ, ಕೊನೆಯ ಎಣಿಕೆ ಇರುವ ತಾರೀಖೇ ಆ ಹಕ್ಕಿ ನಿಮ್ಮ ಊರಿನಲ್ಲಿ ಕಂಡ ಕೊನೆಯ ದಿನ. ಸೆಪ್ಟೆಂಬರಿನಲ್ಲಿ ಅವು ಮರಳಿದಾಗ ಮೊದಲು ಕಂಡ ದಿನವನ್ನು ಅದೇ ಪುಟದ ಎದುರು ಬದಿಯಲ್ಲಿ ಬರೆದುಕೊಳ್ಳಬಹುದು.